ಮಗುವಿನ ಮನಸ್ಸು, ಉಪಾಧ್ಯಾಯರ ಕಣ್ಣು

ಮಾಗಡಿ ಸೀಮೆಯ ಸೋಲೂರು, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಹಗಲಿರುಳೆನ್ನದೆ ಅದರ ಮಗ್ಗುಲಲ್ಲಿ ಬಸ್ಸು ಲಾರಿಗಳು ಹರಿಯುತ್ತಿರುತ್ತವೆ. ರಸ್ತೆಯಿಂದ ಸ್ವಲ್ಪ ಒಳಗೆ ಸರಿದರೆ ರಾಗಿಯ ಹೊಲ, ತೆಂಗು ಮಾವುಗಳ ತೋಟ. ಇಂತಹ ಊರಿನ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯಿದ್ದಾಳೆ. ಭಾನುವಾರವೆಲ್ಲ ಲವಲವಿಕೆಯಿಂದ ಕುಂಟಾಬಿಲ್ಲೆ ಆಡುವ ಆಕೆ ಸೋಮವಾರ ಬೆಳಗಾಗುತ್ತಲೂ ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುತ್ತಾಳೆ. ಅಜ್ಜಿ ದೃಷ್ಟಿ ನಿವಾಳಿಸುತ್ತಾಳೆ. ತಂದೆ ಜಂತುಹುಳುವಿನ ಮಾತ್ರೆ ತರುತ್ತಾನೆ. ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿ ಏನೂ ಇಲ್ಲವೆನ್ನುತ್ತಾರೆ. ಕೊನೆಗೆ ಮನೆಯವರೆಲ್ಲ ಒಮ್ಮತದಿಂದ ಕೊಡುವ ತೀರ್ಪು ಒಂದೇ: ಇದು ಸ್ಕೂಲಿಗೆ ಚಕ್ಕರ್ ಹೊಡೆಯುವ ನಾಟಕ.

ವಿಜ್ಞಾನವು ಈ ತೀರ್ಪನ್ನು ಒಪ್ಪುವುದಿಲ್ಲ. ಭಯವುಂಟಾದಾಗ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರೀನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಎದೆ ಬಡಿತ ಹೆಚ್ಚುತ್ತದೆ. ಜೀರ್ಣಾಂಗಗಳಿಗೆ ಹೋಗುತ್ತಿದ್ದ ರಕ್ತದಲ್ಲಿ ಬಹುಭಾಗ ಕೈಕಾಲುಗಳ ಸ್ನಾಯುಗಳ ಕಡೆಗೆ ತಿರುಗುತ್ತದೆ. ಕರುಳಿನ ಚಲನೆ ಏರುಪೇರಾಗುತ್ತದೆ. ಕರುಳಿನ ಗೋಡೆಯಲ್ಲಿ ಅದರದೇ ಆದ ನರಜಾಲವುಂಟು. ಅದು ಮಿದುಳಿನೊಡನೆ ಸದಾ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತಿರುತ್ತದೆ. ಆದುದರಿಂದ ಆ ಹುಡುಗಿಯ ಹೊಟ್ಟೆನೋವು ಸುಳ್ಳಲ್ಲ. ನೋವು ನಿಜ, ಅದರ ಮೂಲ ಮಾತ್ರ ಹೊಟ್ಟೆಯಲ್ಲಿಲ್ಲ. ಅದು ಮಗ್ಗಿ ಒಪ್ಪಿಸಲಾಗದ ಅವಮಾನದಲ್ಲಿರಬಹುದು, ಸಹಪಾಠಿಗಳ ಗೇಲಿಯಲ್ಲಿರಬಹುದು, ಅಥವಾ ತಾನು ಶಾಲೆಗೆ ಹೋದಾಗ ಮನೆಯಲ್ಲಿ ಏನಾಗುವುದೋ ಎಂಬ ಅಂಜಿಕೆಯಲ್ಲಿರಬಹುದು. ಎಂಟು ವರ್ಷದ ಮಗುವಿಗೆ 'ನನಗೆ ಅವಮಾನವಾಗಿದೆ' ಎಂದು ಹೇಳುವ ಮಾತು ಇನ್ನೂ ಕೈವಶವಾಗಿರುವುದಿಲ್ಲ. ಬಾಯಿ ಹೇಳಲಾರದುದನ್ನು ಹೊಟ್ಟೆ ಹೇಳುತ್ತದೆ.

ಮಕ್ಕಳ ಈ ಮೂಕಭಾಷೆಯನ್ನು ಓದಿ ಅವರ ಮನಸ್ಸಿನ ಆರೋಗ್ಯವನ್ನು ಕಾಪಾಡುವುದು ಹೇಗೆ? ಈ ಪ್ರಶ್ನೆಗೆ ತಮ್ಮ ವೃತ್ತಿಜೀವನವನ್ನೇ ಮೀಸಲಿಟ್ಟ ಒಬ್ಬ ಮನೋವಿಜ್ಞಾನಿಯ ಕೆಲಸವನ್ನೂ, ಅದರಿಂದ ನಮ್ಮ ಹಳ್ಳಿಗಳ ಶಾಲೆಗಳು ಕಲಿಯಬಹುದಾದ ಪಾಠವನ್ನೂ ಈ ಲೇಖನದಲ್ಲಿ ಪರಿಶೀಲಿಸೋಣ.

ಎಷ್ಟು ಮಕ್ಕಳು?

ಮನಸ್ಸಿನ ತೊಂದರೆಗಳು ಪಟ್ಟಣದ ಕಾಯಿಲೆ, ಗಾಳಿ ಬೆಳಕಿನಲ್ಲಿ ಬೆಳೆಯುವ ಹಳ್ಳಿಯ ಮಕ್ಕಳಿಗೆ ಅವು ತಗಲುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಇದನ್ನು ಒರೆಗೆ ಹಚ್ಚಿದವರು ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಎಂದರೆ ನಿಮ್ಹಾನ್ಸ್‌ನ, ಡಾ. ಶೋಭಾ ಶ್ರೀನಾಥ್ ಮತ್ತು ಅವರ ಸಹೋದ್ಯೋಗಿಗಳು. ಬೆಂಗಳೂರಿನ ಮಧ್ಯಮವರ್ಗದ ಬಡಾವಣೆಗಳು, ಕೊಳೆಗೇರಿಗಳು ಮತ್ತು ಸುತ್ತಣ ಗ್ರಾಮಾಂತರ ಪ್ರದೇಶ, ಈ ಮೂರೂ ಕಡೆಗಳಿಂದ ೧೬ ವರ್ಷದೊಳಗಿನ ೨,೦೬೪ ಮಕ್ಕಳನ್ನು ಅವರು ಪರೀಕ್ಷಿಸಿದರು. ಫಲಿತಾಂಶ ೨೦೦೫ರಲ್ಲಿ ಪ್ರಕಟವಾಯಿತು. ನೂರಕ್ಕೆ ೧೨.೫ ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಬಡಾವಣೆ, ಕೊಳೆಗೇರಿ, ಹಳ್ಳಿ ಇವುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಇರಲಿಲ್ಲ.

೪ರಿಂದ ೧೬ ವರ್ಷದ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಈ ಪ್ರಮಾಣ ನೂರಕ್ಕೆ ೧೨. ಅವರಲ್ಲಿ ಹೆಚ್ಚಾಗಿ ಕಂಡ ತೊಂದರೆಗಳು ನಮಗೆಲ್ಲ ಪರಿಚಿತವಾದವುಗಳೇ: ನಿದ್ರೆಯಲ್ಲಿ ಹಾಸಿಗೆ ಒದ್ದೆಮಾಡಿಕೊಳ್ಳುವುದು, ಯಾವುದಾದರೊಂದು ವಸ್ತುವಿನ ಅಥವಾ ಸನ್ನಿವೇಶದ ಅತಿಯಾದ ಭಯ, ಒಂದೆಡೆ ನಿಲ್ಲಲಾರದ ಅತಿಚಟುವಟಿಕೆ, ಉಗ್ಗು, ಮಿತಿಮೀರಿದ ಹಟ. ದಿನನಿತ್ಯದ ಬಾಳಿಗೇ ಅಡ್ಡಿಯಾಗುವಷ್ಟು ತೀವ್ರವಾದ ತೊಂದರೆ ನೂರಕ್ಕೆ ೫.೩ ಮಕ್ಕಳಲ್ಲಿತ್ತು. ಈ ಪ್ರಮಾಣವನ್ನೇ ಇನ್ನೂರು ಮಕ್ಕಳಿರುವ ಒಂದು ಹಳ್ಳಿಯ ಶಾಲೆಗೆ ಅನ್ವಯಿಸಿ ನೋಡಿದರೆ, ಸುಮಾರು ೨೪ ಮಕ್ಕಳಿಗೆ ತೊಂದರೆಯಿದ್ದು, ಅವರಲ್ಲಿ ಹತ್ತು ಹನ್ನೊಂದು ಮಕ್ಕಳಿಗೆ ಅದು ಬಾಳಿನ ಭಾರವಾಗಿರುತ್ತದೆ.

ಆ ಸಮೀಕ್ಷೆಯಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಚಿಂತೆಗೀಡುಮಾಡಬೇಕಾದ ಅಂಕಿ ಮತ್ತೊಂದಿದೆ. ಮನೆಯವರಿಗೆ ಇದರ ಅರಿವು ಎಷ್ಟರಮಟ್ಟಿಗೆ ಇದೆಯೆಂದು ವಿಚಾರಿಸಿದಾಗ, ತಮ್ಮ ಮಗುವಿಗೆ ತೊಂದರೆಯಿದೆಯೆಂದು ಗ್ರಹಿಸಿದ್ದ ಕುಟುಂಬಗಳು ನೂರಕ್ಕೆ ೩೭.೫ ಮಾತ್ರ. ರೋಗವಿದೆಯೆಂದೇ ತಿಳಿಯದವರು ಆಸ್ಪತ್ರೆಗೆ ಬರುವುದೆಂತು? ಎಷ್ಟು ದೊಡ್ಡ ಆಸ್ಪತ್ರೆ ಕಟ್ಟಿ ಬಾಗಿಲು ತೆರೆದು ಕುಳಿತರೂ ಈ ಮಕ್ಕಳಲ್ಲಿ ಬಹುಮಂದಿ ಆ ಬಾಗಿಲನ್ನು ತುಳಿಯುವುದಿಲ್ಲ.

ಆಸ್ಪತ್ರೆಯಿಂದ ಶಾಲೆಗೆ

ನಮ್ಮ ನಾಡಿನಲ್ಲಿ ಮನೋವಿಜ್ಞಾನಕ್ಕೆ ನೂರು ವರ್ಷಗಳ ಇತಿಹಾಸವಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿಯೇ ಅದಕ್ಕೊಂದು ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು, ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಬಿತ್ತರಿಸಿದವರೂ ಅವರೇ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ೧೯೭೪ರಲ್ಲಿ ಆ ಸಂಸ್ಥೆಯೂ ಪಕ್ಕದ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಮನೋವೈದ್ಯರು ವೈದ್ಯಶಾಸ್ತ್ರವನ್ನು ಓದಿದವರು, ಔಷಧವನ್ನು ಕೊಡಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಔಷಧ ಕೊಡುವುದಿಲ್ಲ. ಬುದ್ಧಿ, ಭಾವ, ನಡವಳಿಕೆಗಳನ್ನು ಪರೀಕ್ಷೆಗಳ ಮೂಲಕ ಅಳೆದು, ಮಾತು, ಆಟ, ಅಭ್ಯಾಸಗಳ ಮೂಲಕ ಅವನ್ನು ತಿದ್ದುವುದು ಅವರ ವಿದ್ಯೆ. ಡಾ. ಮಾಳವಿಕಾ ಕಪೂರ್ ಅವರು ಈ ಎರಡನೆಯ ವರ್ಗಕ್ಕೆ ಸೇರಿದವರು. ನಿಮ್ಹಾನ್ಸ್‌ನ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಪ್ರಾಧ್ಯಾಪಕರಾಗಿ, ಮುಖ್ಯಸ್ಥರಾಗಿ ಕೆಲಸಮಾಡಿದ ಅವರು ತಮ್ಮ ಕ್ಷೇತ್ರವನ್ನಾಗಿ ಆರಿಸಿಕೊಂಡದ್ದು ಮಕ್ಕಳ ಮನಸ್ಸನ್ನು.

ಆಸ್ಪತ್ರೆಗೆ ಬರುವ ಮಕ್ಕಳನ್ನು ನೋಡುತ್ತ ಕುಳಿತಿದ್ದರೆ ಅವರ ವೃತ್ತಿಧರ್ಮಕ್ಕೆ ಅಷ್ಟೇ ಸಾಕಾಗುತ್ತಿತ್ತು. ಆದರೆ ಬಾರದಿರುವ ಮಕ್ಕಳ ಗತಿಯೇನು? ಪ್ರತಿದಿನವೂ ಅನೇಕ ಮಕ್ಕಳನ್ನು ಏಕಕಾಲದಲ್ಲಿ ನೋಡುವ, ಒಂದು ಮಗುವನ್ನು ಅದೇ ವಯಸ್ಸಿನ ಮತ್ತೊಂದರೊಡನೆ ಹೋಲಿಸಬಲ್ಲ ವ್ಯಕ್ತಿ ಸಮಾಜದಲ್ಲಿ ಯಾರು? ತಾಯಿಗೆ ತನ್ನ ಮಕ್ಕಳು ಮಾತ್ರ ಗೊತ್ತು. ವೈದ್ಯರಿಗೆ ಕಾಯಿಲೆಯವರು ಮಾತ್ರ ಗೊತ್ತು. ನಲವತ್ತು ಮಕ್ಕಳ ನಡುವೆ ನಿಂತ ಉಪಾಧ್ಯಾಯರಿಗೆ ಮಾತ್ರ ಸಾಮಾನ್ಯ ಮಗು ಹೇಗಿರುತ್ತದೆ, ಈ ಒಂದು ಮಗು ಅದಕ್ಕಿಂತ ಹೇಗೆ ಭಿನ್ನ ಎಂಬುದು ಕಣ್ಣಿಗೆ ಕಟ್ಟುತ್ತದೆ. ಆ ಕಣ್ಣಿಗೆ ಸ್ವಲ್ಪ ಶಿಕ್ಷಣ ಸಿಕ್ಕಿದರೆ? ಈ ಆಲೋಚನೆಯೇ ಡಾ. ಕಪೂರ್ ಅವರ ಕೆಲಸದ ಬೀಜವೆನ್ನಬಹುದು.

ಮಕ್ಕಳ ಭಾವನಾತ್ಮಕ ತೊಂದರೆಗಳನ್ನು ಕುರಿತು ಉಪಾಧ್ಯಾಯರಿಗೆ ಪರಿಚಯ ಶಿಕ್ಷಣವನ್ನು ಕೊಟ್ಟು, ಅದರಿಂದ ಅವರ ತಿಳಿವಳಿಕೆ ನಿಜವಾಗಿಯೂ ಬದಲಾಯಿತೇ ಎಂದು ಅಳೆದು ನೋಡಿದ ವರದಿಯನ್ನು ಅವರೂ ಅವರ ಸಹೋದ್ಯೋಗಿಗಳೂ ೧೯೮೦ರಷ್ಟು ಹಿಂದೆಯೇ ಪ್ರಕಟಿಸಿದರು. ಪಾಠ ಹೇಳಿ ಎದ್ದುಹೋಗದೆ ಪಾಠದ ಫಲವನ್ನು ಅಳೆದದ್ದು ಇಲ್ಲಿ ಗಮನಾರ್ಹ. ೧೯೯೫ರಲ್ಲಿ ಭಾರತೀಯ ಮಕ್ಕಳ ಮಾನಸಿಕ ಆರೋಗ್ಯವನ್ನು ಕುರಿತೂ, ೧೯೯೭ರಲ್ಲಿ ಭಾರತೀಯ ಶಾಲೆಗಳಲ್ಲಿ ಮಾನಸಿಕ ಆರೋಗ್ಯವನ್ನು ಕುರಿತೂ ಅವರ ಇಂಗ್ಲಿಷ್ ಗ್ರಂಥಗಳು ಹೊರಬಂದವು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿಯೂ ಅವರು ಈ ಕೆಲಸವನ್ನು ಮುಂದುವರಿಸಿದರು.

ಉಪಾಧ್ಯಾಯರು ಕಲಿಯಬೇಕಾದುದೇನು?

ಉಪಾಧ್ಯಾಯರನ್ನು ಅರ್ಧ ವೈದ್ಯರನ್ನಾಗಿ ಮಾಡುವುದು ಇಂತಹ ಶಿಕ್ಷಣದ ಉದ್ದೇಶವಲ್ಲ. ಅದರ ಮೂಲತತ್ತ್ವಗಳು ನಾಲ್ಕೈದು ಮಾತುಗಳಲ್ಲಿ ಹೇಳುವಷ್ಟು ಸರಳ.

ಮೊದಲನೆಯದು, ಗದ್ದಲ ಮಾಡುವ ಮಗುವಿನಷ್ಟೇ ಸುಮ್ಮನಿರುವ ಮಗುವನ್ನೂ ಗಮನಿಸುವುದು. ಕಿತಾಪತಿ ಮಾಡುವ ಹುಡುಗ ತರಗತಿಗೆಲ್ಲ ಕಾಣುತ್ತಾನೆ. ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ ಕುಳಿತು ಯಾರಿಗೂ ತೊಂದರೆ ಕೊಡದ ಹುಡುಗಿಯನ್ನು 'ಒಳ್ಳೆಯ ಮಗು' ಎಂದು ಬಿಟ್ಟುಬಿಡುತ್ತೇವೆ. ಸಂಕಟ ಅಲ್ಲಿಯೂ ಇರಬಹುದು.

ಎರಡನೆಯದು, ಬದಲಾವಣೆಯನ್ನು ಗುರುತಿಸುವುದು. ಚೆನ್ನಾಗಿ ಓದುತ್ತಿದ್ದವನು ಹಿಂದೆಬಿದ್ದರೆ, ಆಡುತ್ತಿದ್ದವಳು ಒಂಟಿಯಾದರೆ, ಊಟದ ಡಬ್ಬಿ ತೆರೆಯದೆ ಮನೆಗೆ ಹೋದರೆ, ಅಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ.

ಮೂರನೆಯದು, ಹೆಸರಿಡದಿರುವುದು. ದಡ್ಡ, ಸೋಂಬೇರಿ, ಉಗ್ಗ ಎಂಬ ಬಿರುದುಗಳು ಮಗುವಿಗೆ ಅಂಟಿಕೊಂಡರೆ ತೊಳೆದರೂ ಹೋಗುವುದಿಲ್ಲ. ಬುದ್ಧಿಯಲ್ಲಿ ಯಾವ ಕೊರತೆಯೂ ಇಲ್ಲದೆ ಅಕ್ಷರಗಳನ್ನು ಕೂಡಿಸಿ ಓದಲು ಮಾತ್ರ ಕಷ್ಟಪಡುವ ಮಕ್ಕಳಿದ್ದಾರೆ; ಅವರಿಗೆ ಬೇಕಾದುದು ಬೇರೊಂದು ಬಗೆಯ ಪಾಠ, ಬೈಗುಳವಲ್ಲ.

ನಾಲ್ಕನೆಯದು, ನಾಚಿಕೆಪಡಿಸದಿರುವುದು. ಹಾಸಿಗೆ ಒದ್ದೆಮಾಡುವ ಮಗು ಬೇಕೆಂದು ಹಾಗೆ ಮಾಡುವುದಿಲ್ಲ. ರಾತ್ರಿ ಮೂತ್ರಕೋಶ ತುಂಬಿದುದರ ಸೂಚನೆ ಅದರ ನಿದ್ರೆಯನ್ನು ಭೇದಿಸಿ ಎಚ್ಚರಿಸುವಷ್ಟು ಇನ್ನೂ ಪಕ್ವವಾಗಿರುವುದಿಲ್ಲ. ಇಂತಹ ಮಕ್ಕಳಲ್ಲಿ ನೂರಕ್ಕೆ ಸುಮಾರು ೧೫ ಮಂದಿಗೆ ಪ್ರತಿವರ್ಷವೂ ಈ ತೊಂದರೆ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ಚಿಕಿತ್ಸೆಯುಂಟು. ಬೆಳಿಗ್ಗೆ ಎಲ್ಲರೆದುರು ಹಂಗಿಸುವುದು ಚಿಕಿತ್ಸೆಯಲ್ಲ. ಉಗ್ಗುವ ಮಗುವಿನ ಮಾತೂ ಹಾಗೆಯೇ. ಅದು ತಡವರಿಸುವಾಗ ನಾವೇ ಪದವನ್ನು ಪೂರ್ಣಮಾಡದೆ ಕೊನೆಯವರೆಗೆ ಕಾಯುವುದು ದೊಡ್ಡ ಉಪಕಾರ.

ಐದನೆಯದು, ತನ್ನ ಮಿತಿಯನ್ನು ಅರಿತಿರುವುದು. ಸಾಯುವ ಮಾತನ್ನಾಡುವ ಮಗು, ಮೂರ್ಛೆ ಹೋಗುವ ಮಗು, ಮೈಮೇಲೆ ಗಾಯದ ಗುರುತುಗಳಿರುವ ಮಗು ಇವರನ್ನು ತಜ್ಞರ ಬಳಿಗೆ ತಡಮಾಡದೆ ಕಳುಹಿಸಬೇಕು.

ಆಟವೇ ಭಾಷೆ

ಮಾತು ಬಾರದ ಮನಸ್ಸನ್ನು ಮಾತನಾಡಿಸುವ ಸಾಧನ ಆಟ. ದೊಡ್ಡವರು ಮಾತಿನಲ್ಲಿ ತೋಡಿಕೊಳ್ಳುವುದನ್ನು ಮಗು ಬೊಂಬೆಗಳ ಮೂಲಕ ಆಡಿ ತೋರಿಸುತ್ತದೆ. ಎರಡು ಬೊಂಬೆಗಳನ್ನು ಕೊಟ್ಟರೆ ಅಪ್ಪ ಬೊಂಬೆ ಅಮ್ಮ ಬೊಂಬೆಗೆ ಹೊಡೆಯಬಹುದು. ಮೇಷ್ಟರ ಬೊಂಬೆ ಕೋಲು ಹಿಡಿಯಬಹುದು. ನೋಡಬಲ್ಲ ಕಣ್ಣಿಗೆ ಅದು ಒಂದು ಪತ್ರ ಓದಿದಂತೆ. ಆಟಕ್ಕೆ ಇನ್ನೊಂದು ಗುಣವೂ ಉಂಟು. ಸರದಿ ಕಾಯುವುದು, ಸೋಲನ್ನು ತಾಳಿಕೊಳ್ಳುವುದು, ಕೋಪವನ್ನು ತಡೆಯುವುದು, ಒಬ್ಬರೊಡನೊಬ್ಬರು ಹೊಂದಿಕೊಳ್ಳುವುದು, ಇವೆಲ್ಲವನ್ನೂ ಮಗು ಕಲಿಯುವುದು ಉಪದೇಶದಿಂದಲ್ಲ, ಚೌಕಾಬಾರ ಲಗೋರಿಗಳಿಂದ.

ಡಾ. ಕಪೂರ್ ಅವರು ಗ್ರಾಮೀಣ ಮಕ್ಕಳ ಮನೋಸಾಮಾಜಿಕ ಬೆಳವಣಿಗೆಯನ್ನು ಕುರಿತ ಗ್ರಂಥವನ್ನು ೨೦೦೭ರಲ್ಲಿ ಪ್ರಕಟಿಸಿದರು. ಏನನ್ನು ಕಲಿಸಬೇಕೆಂಬುದನ್ನು ಮಕ್ಕಳಿಂದಲೇ ಕಲಿಯುವುದು ಎಂಬುದು ಅದರ ಹೆಸರಿನ ಅರ್ಥ. ಗುರು ಶಿಷ್ಯರ ಸ್ಥಾನವನ್ನೇ ತಿರುಗಿಸಿ ನಿಲ್ಲಿಸುವ ಈ ಹೆಸರಿನಲ್ಲಿ ಅವರ ಜೀವಮಾನದ ಅನುಭವ ಅಡಗಿದೆ.

ಮುಂದೆ ಅವರು ನಮ್ಮ ದೇಶೀಯ ವೈದ್ಯಪದ್ಧತಿಗಳಲ್ಲಿ ಶಿಶುಪಾಲನೆಯನ್ನು ಕುರಿತು ಏನಿದೆಯೆಂದು ಶೋಧಿಸಿ ೨೦೧೬ರಲ್ಲಿ ಮತ್ತೊಂದು ಗ್ರಂಥವನ್ನು ಹೊರತಂದರು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಚರಕಸಂಹಿತೆಯಲ್ಲಿ ಮಗುವಿನ ಆಟಿಕೆ ಹೇಗಿರಬೇಕೆಂಬ ವಿವರಣೆಯಿದೆ: ಬಗೆಬಗೆಯಾಗಿ, ಸದ್ದುಮಾಡುವಂತೆ, ಮನೋಹರವಾಗಿ, ಹಗುರವಾಗಿ ಇರಬೇಕು, ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಹೆದರಿಸುವಂತಿರಬಾರದು. ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಮಗುವನ್ನು ಬೆದರಿಸಬಾರದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಗುಮ್ಮನನ್ನು ಕರೆದು ಅನ್ನ ಉಣಿಸುವ ತಾಯಂದಿರು ಇದನ್ನು ಗಮನಿಸಬೇಕು.

ಈ ಲಕ್ಷಣಗಳನ್ನು ಓದುವಾಗ ಮಾಗಡಿಯ ನೆರೆಯ ಚನ್ನಪಟ್ಟಣದ ಬೊಂಬೆಗಳು ನಮ್ಮ ನೆನಪಿಗೆ ಬಾರದಿರವು. ಆಲೆ ಮರದ ಹಗುರವಾದ ಬಿಳಿಯ ದಾರುವನ್ನು ತಿರುಗಣೆಗೆ ಕೊಟ್ಟು, ಮೂಲೆ ಮೊನೆಗಳಿಲ್ಲದಂತೆ ದುಂಡಗೆ ಕಡೆದು, ಅರಗಿನ ಬಣ್ಣವೇರಿಸಿದ ಬುಗುರಿ, ಗಿಲಿಕೆ, ಬೊಂಬೆಗಳು ಅಂಗಡಿಯ ಕಪಾಟಿನ ಅಲಂಕಾರವಾಗಿ ಉಳಿಯಬೇಕಾಗಿಲ್ಲ. ಅಂಗನವಾಡಿಯ ಚಾಪೆಯ ಮೇಲೆ ಅವು ಇಳಿದುಬಂದರೆ, ಮಗುವಿನ ಮನಸ್ಸನ್ನು ಓದುವ ಉಪಕರಣಗಳೇ ಆಗಬಲ್ಲವು.

ಇದರಿಂದ ಫಲವುಂಟೇ?

ಕಳಕಳಿಯೊಂದೇ ವಿಜ್ಞಾನಕ್ಕೆ ಸಾಲದು, ಪ್ರಮಾಣ ಬೇಕು. ಇಂಗ್ಲೆಂಡಿನ ಮನೋವೈದ್ಯ ಮೈಕೇಲ್ ರಟ್ಟರ್ ಮತ್ತು ಅವರ ಸಂಗಡಿಗರು ಲಂಡನ್ನಿನ ೧೨ ಪ್ರೌಢಶಾಲೆಗಳನ್ನು ಅಧ್ಯಯನ ಮಾಡಿ ೧೯೭೯ರಲ್ಲಿ ಒಂದು ಗ್ರಂಥ ಬರೆದರು. ಒಂದು ಮಗು ಶಾಲೆಯಲ್ಲಿ ಕಳೆಯುವ ಕಾಲದ ಲೆಕ್ಕವೇ ಆ ಗ್ರಂಥದ ಹೆಸರು: ಹದಿನೈದು ಸಾವಿರ ಗಂಟೆಗಳು. ಒಂದೇ ಬಗೆಯ ಮನೆತನಗಳಿಂದ ಬಂದ ಮಕ್ಕಳೂ ಒಂದು ಶಾಲೆಯಲ್ಲಿ ಚೆನ್ನಾಗಿ ನಡೆದುಕೊಂಡು, ಮತ್ತೊಂದರಲ್ಲಿ ಕೆಡುತ್ತಿದ್ದರು. ಈ ವ್ಯತ್ಯಾಸ ಕಟ್ಟಡ ಹಳೆಯದೋ ಹೊಸದೋ ಎಂಬುದನ್ನು ಅವಲಂಬಿಸಿರಲಿಲ್ಲ. ಮಕ್ಕಳಿಗೆ ಮೆಚ್ಚುಗೆ ಸಿಗುತ್ತಿತ್ತೇ, ಅವರಿಗೆ ಜವಾಬ್ದಾರಿ ವಹಿಸುತ್ತಿದ್ದರೇ, ಉಪಾಧ್ಯಾಯರು ಸಿದ್ಧರಾಗಿ ಬರುತ್ತಿದ್ದರೇ ಎಂಬಂತಹ ಸಂಗತಿಗಳನ್ನು ಅವಲಂಬಿಸಿತ್ತು.

ಹವಾಯಿಯ ಕವಾಯಿ ದ್ವೀಪದಲ್ಲಿ ೧೯೫೫ರಲ್ಲಿ ಹುಟ್ಟಿದ ೬೯೮ ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯ ಕಲಹ ಮೊದಲಾದ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿಯೂ ಮೂವರಿಗೊಬ್ಬರಂತೆ ಸಮರ್ಥರಾಗಿ ಬೆಳೆದರು. ಅವರ ಬಾಳಿನಲ್ಲಿ, ಹೆತ್ತವರಲ್ಲದಿದ್ದರೆ ಮತ್ತೊಬ್ಬ, ಅಕ್ಕರೆಯ ಹಿರಿಯರಿದ್ದರು. ಅನೇಕರ ಪಾಲಿಗೆ ಆ ಹಿರಿಯರು ಉಪಾಧ್ಯಾಯರೇ ಆಗಿದ್ದರು.

ನಮ್ಮ ನಾಡಿನ ಪ್ರಮಾಣವೂ ಇದೆ. ನಿಮ್ಹಾನ್ಸ್‌ನ ಡಾ. ಶ್ರೀಕಲಾ ಭರತ್ ಮತ್ತು ಡಾ. ಕೆ. ವಿ. ಕಿಶೋರ್ ಕುಮಾರ್ ಅವರು ಉಪಾಧ್ಯಾಯರಿಂದಲೇ ಪ್ರೌಢಶಾಲೆಯ ಮಕ್ಕಳಿಗೆ ಜೀವನಕೌಶಲಗಳನ್ನು ಕಲಿಸುವ ಯೋಜನೆಯನ್ನು ರೂಪಿಸಿದರು. ಒಂದು ವರ್ಷದ ಶಿಕ್ಷಣ ಪಡೆದ ೬೦೫ ಮಕ್ಕಳನ್ನು ಪಡೆಯದ ೪೨೩ ಮಕ್ಕಳೊಡನೆ ಹೋಲಿಸಿ ೨೦೧೦ರಲ್ಲಿ ವರದಿ ಮಾಡಿದರು. ಶಿಕ್ಷಣ ಪಡೆದ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಾಗಿತ್ತು. ಕಷ್ಟವನ್ನು ಎದುರಿಸಬಲ್ಲೆವೆಂಬ ನಂಬಿಕೆ ಬೆಳೆದಿತ್ತು. ಶಾಲೆಯೊಡನೆ, ಉಪಾಧ್ಯಾಯರೊಡನೆ ಹೊಂದಾಣಿಕೆ ಉತ್ತಮವಾಗಿತ್ತು. ಪರೋಪಕಾರದ ನಡತೆ ಹೆಚ್ಚಿತ್ತು. ಆದರೆ ಮಾನಸಿಕ ರೋಗಲಕ್ಷಣಗಳಲ್ಲಿ, ಮನೆಯವರೊಡನೆ ಮತ್ತು ಗೆಳೆಯರೊಡನೆ ಇರುವ ಹೊಂದಾಣಿಕೆಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಮಾತನ್ನು ಮರೆಮಾಚುವುದು ಸರಿಯಲ್ಲ. ಆರೋಗ್ಯವಂತ ಮನಸ್ಸನ್ನು ಬಲಪಡಿಸುವುದು ಶಾಲೆಯಿಂದ ಸಾಧ್ಯ. ಈಗಾಗಲೇ ರೋಗಕ್ಕೀಡಾದ ಮನಸ್ಸನ್ನು ಗುಣಪಡಿಸಲು ತಜ್ಞರ ನೆರವು ಬೇಕೇ ಬೇಕು. ಮನೆಯೊಳಗಿನ ಬಿರುಕನ್ನು ಶಾಲೆ ಮುಚ್ಚಲಾರದು. ಅದನ್ನು ಮೊದಲು ಕಂಡು ಹೇಳಬಲ್ಲದು, ಅಷ್ಟೆ.

ನಮ್ಮ ಕೈಯಲ್ಲಿರುವುದು

ನೆಲವನ್ನು ಹದಮಾಡುವ ಕೆಲಸ ಕಳೆದ ಅರ್ಧ ಶತಮಾನದಲ್ಲಿ ಸಾಕಷ್ಟು ನಡೆದಿದೆ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದು, ಮನಸ್ಸಿನ ವಿಜ್ಞಾನವೂ ಕನ್ನಡದ ಸಾಹಿತ್ಯವೆನಿಸಿತು. ಡಾ. ಸಿ. ಆರ್. ಚಂದ್ರಶೇಖರ್ ಅವರು ನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳ ಮೂಲಕ ಅದನ್ನು ಮನೆಮನೆಗೆ ಮುಟ್ಟಿಸಿದರು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ವಿಧಿಯಂತೆ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದೂ ಮಾನಸಿಕ ಹಿಂಸೆ ಮಾಡುವುದೂ ನಿಷಿದ್ಧ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿಮಾನಸ್ ಸೇವೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ ಯಾವ ಊರಿನವರಾದರೂ ಖರ್ಚಿಲ್ಲದೆ ಸಲಹೆ ಪಡೆಯಬಹುದು. ಮಗುವಿಗೆ ಹಿಂಸೆಯೋ ಅಪಾಯವೋ ಒದಗಿದೆಯೆಂದು ತಿಳಿದರೆ ೧೦೯೮ಕ್ಕೆ ಕರೆಮಾಡಬಹುದು.

ಇಷ್ಟೆಲ್ಲ ಇದ್ದರೂ ಆ ಕರೆಯನ್ನು ಮಾಡಬೇಕೆಂದು ಯಾರಿಗಾದರೂ ಹೊಳೆಯಬೇಕಲ್ಲವೆ? ಮೂರು ಮನೆಗಳಲ್ಲಿ ಹೆಚ್ಚುಕಡಮೆ ಎರಡರಲ್ಲಿ ಅದು ಹೊಳೆಯುವುದಿಲ್ಲವೆಂದು ಸಮೀಕ್ಷೆ ಹೇಳಿತು. ಒಬ್ಬ ಮನೋವಿಜ್ಞಾನಿಯ ದೀರ್ಘ ದುಡಿಮೆ ಈ ಕೊರತೆಗೆ ತೋರಿಸಿಕೊಟ್ಟ ದಾರಿ ದುಬಾರಿಯಾದುದಲ್ಲ. ಅದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಸೋಲೂರಿನಂತಹ ಊರಿನ ಪ್ರತಿ ಶಾಲೆಯಲ್ಲಿಯೂ ತಿಂಗಳಿಗೊಮ್ಮೆ ಉಪಾಧ್ಯಾಯರು ಒಂದೆಡೆ ಕುಳಿತು ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಳ್ಳಲಿ. ಒಂದೊಂದೇ ಹೆಸರನ್ನು ಓದುತ್ತ, ಈ ಮಗು ಕಳೆದ ತಿಂಗಳು ಹೇಗಿತ್ತು, ಈಗ ಹೇಗಿದೆ ಎಂಬ ಪ್ರಶ್ನೆಯೊಂದನ್ನೇ ಕೇಳಿಕೊಳ್ಳಲಿ. ಉತ್ತರ ಹೇಳಲಾಗದೆ ಯಾವ ಹೆಸರಿನ ಬಳಿ ನಿಲ್ಲಬೇಕಾಗುವುದೋ, ಆ ಮಗುವಿನೊಡನೆ ಮಾರನೆಯ ದಿನ ಎರಡು ಮಾತನಾಡಲಿ.